ಬ್ರಿಸೇಯಿಸಳ ದನಿ: ಒಂದು ಪ್ರಣಯಕಥೆಯ ಚಾರಿತ್ರಿಕ ಪರಿಶೀಲನೆ

೧

ಗ್ರೀಕ್ ಪುರಾಣಕಥೆಗಳನ್ನು ಅವುಗಳಲ್ಲಿ ಬರುವ ಸ್ತ್ರೀಯರ ಬಾಯಿಂದಲೇ ಹೇಳಿಸುವ ಪದ್ಧತಿ ಈಚಿನ ದಶಕಗಳಲ್ಲಿ ಪಾಶ್ಚಾತ್ಯ ಸಾಹಿತ್ಯದಲ್ಲಿ ವಿಶೇಷವಾಗಿ ಬೆಳೆದಿದೆ. ಜರ್ಮನ್ ಲೇಖಕಿ ಕ್ರಿಸ್ಟಾ ವುಲ್ಫ್ ೧೯೮೩ರಲ್ಲಿ ಟ್ರಾಯ್ ನಗರದ ರಾಜಪುತ್ರಿ ಕಸಾಂಡ್ರಳಿಂದಲೂ, ಕೆನಡದ ಮಾರ್ಗರೆಟ್ ಅಟ್ವುಡ್ ೨೦೦೫ರಲ್ಲಿ ಒಡಿಸ್ಯೂಸನ ಪತ್ನಿ ಪೆನೆಲೊಪಿಯಿಂದಲೂ, ಅಮೆರಿಕದ ಮ್ಯಾಡಲಿನ್ ಮಿಲ್ಲರ್ ೨೦೧೮ರಲ್ಲಿ ಮಾಯಾವಿನಿಯಾದ ಸರ್ಸಿಯಿಂದಲೂ ಆಯಾ ಕಥೆಗಳನ್ನು ಹೇಳಿಸಿದ್ದಾರೆ. ಇದು ನಮ್ಮ ಕಾಲದ ಹೊಸ ಸೃಷ್ಟಿಯೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುತಃ ಈ ಪದ್ಧತಿಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚಿನ ಚರಿತ್ರೆಯುಂಟು. ರೋಮಿನ ಕವಿ ಓವಿಡ್ ಪುರಾಣದ ನಾಯಿಕೆಯರು ತಮ್ಮ ಪ್ರಿಯರಿಗೆ ಬರೆದ ಓಲೆಗಳೆಂಬ ವ್ಯಾಜದಿಂದ ಒಂದು ಕೃತಿಯನ್ನೇ ರಚಿಸಿದನು.

ಮೂಕಳಾಗಿದ್ದ ಸ್ತ್ರೀಗೆ ದನಿ ಕೊಡುವುದು ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಚರಿತ್ರೆಯ ವಿದ್ಯಾರ್ಥಿ ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ದನಿ ದೊರೆತಾಗಲೆಲ್ಲ ಆಕೆಯ ನಿಜಸ್ಥಿತಿಯೂ ಬೆಳಕಿಗೆ ಬಂದಿದೆಯೆ? ಅಥವಾ ಆಕೆಯನ್ನು ಪ್ರೇಮಿಯನ್ನಾಗಿ ಮಾತನಾಡಿಸುವುದರಿಂದಲೇ ಆ ಸ್ಥಿತಿ ಮರೆಯಾಗಿದೆಯೆ? ಈ ಪ್ರಶ್ನೆಯನ್ನು ಸಾಮಾನ್ಯವಾಗಿ ಚರ್ಚಿಸುವುದಕ್ಕಿಂತ ಒಬ್ಬಳೇ ಸ್ತ್ರೀಯ ಕಥೆ ಕಾಲದಿಂದ ಕಾಲಕ್ಕೆ ಪಡೆದ ರೂಪಗಳನ್ನು ಅನುಸರಿಸಿ ನೋಡುವುದು ಹೆಚ್ಚು ಫಲಕಾರಿ. ಅದಕ್ಕಾಗಿ ಹೋಮರನ ‘ಇಲಿಯಡ್’ ಕಾವ್ಯದ ಬ್ರಿಸೇಯಿಸಳನ್ನು ಇಲ್ಲಿ ಆರಿಸಿಕೊಂಡಿದೆ.

೨

‘ಇಲಿಯಡ್’ ಕ್ರಿ. ಪೂ. ಎಂಟನೆಯ ಶತಮಾನದ ಕೊನೆ ಅಥವಾ ಏಳನೆಯ ಶತಮಾನದ ಆದಿಯ ಹೊತ್ತಿಗೆ ಈಗಿನ ರೂಪಕ್ಕೆ ಸಮೀಪವಾಗಿ ನಿಂತಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಕಾವ್ಯ ಆರಂಭವಾಗುವಾಗ ಗ್ರೀಕರು ಟ್ರಾಯ್ ನಗರವನ್ನು ಮುತ್ತಿ ಹತ್ತನೆಯ ವರ್ಷ ನಡೆಯುತ್ತಿದೆ. ಸುತ್ತಲಿನ ಊರುಗಳನ್ನು ಸೂರೆಮಾಡಿ ತಂದ ಹೆಂಗಸರು ಕೊಳ್ಳೆಯ ಪಾಲಾಗಿ ವೀರರಿಗೆ ಹಂಚಿಹೋಗಿದ್ದಾರೆ. ದಂಡನಾಯಕನಾದ ಅಗಮೆಮ್ನನ್ ಅಪೊಲೊ ದೇವತೆಯ ಅರ್ಚಕನ ಮಗಳಾದ ಕ್ರೈಸೇಯಿಸಳನ್ನು ಪಡೆದಿದ್ದಾನೆ. ಅಕಿಲೀಸನು ಲಿರ್ನೆಸಸ್ ಎಂಬ ಊರನ್ನು ಹಾಳುಮಾಡಿ ತಂದ ಬ್ರಿಸೇಯಿಸ್ ಅವನ ಪಾಲಿಗೆ ಬಂದಿದ್ದಾಳೆ. ಮಗಳನ್ನು ಬಿಡಿಸಿಕೊಳ್ಳಲು ಬಂದ ಅರ್ಚಕನಿಗೆ ಅಗಮೆಮ್ನನ್ ಕೊಟ್ಟ ಉತ್ತರ ಕಠೋರವಾದುದು: ಅವಳು ತನ್ನ ನಾಡಿನಿಂದ ದೂರವಾಗಿ, ಆರ್ಗಾಸಿನ ತನ್ನ ಮನೆಯಲ್ಲಿ ಮಗ್ಗದ ಮುಂದೆ ದುಡಿಯುತ್ತ, ತನ್ನ ಹಾಸಿಗೆಗೆ ಬರುತ್ತ ಮುದುಕಿಯಾಗುವಳು ಎಂದು ಅವನು ಹೇಳುತ್ತಾನೆ. ಬಳಿಕ ಪಾಳೆಯದಲ್ಲಿ ವ್ಯಾಧಿ ಹಬ್ಬಿ, ಅವಳನ್ನು ಹಿಂದಿರುಗಿಸಲೇಬೇಕಾದಾಗ, ತನಗಾದ ಮಾನಹಾನಿಗೆ ಪ್ರತಿಯಾಗಿ ಬ್ರಿಸೇಯಿಸಳನ್ನು ಅಕಿಲೀಸನಿಂದ ಕಸಿದುಕೊಳ್ಳುತ್ತಾನೆ. ಅಕಿಲೀಸನ ಕೋಪಕ್ಕೂ ಅಲ್ಲಿಂದ ಮುಂದಿನ ಕಥೆಗೂ ಇದೇ ಕಾರಣ.

ಹೀಗೆ ಇಡೀ ಮಹಾಕಾವ್ಯ ಇಬ್ಬರು ಸೆರೆಯಾಳುಗಳ ಕೈಬದಲಾವಣೆಯ ಮೇಲೆ ನಿಂತಿದೆ. ಆದರೂ ಅವರಿಬ್ಬರಿಗೆ ಸ್ವಂತ ಹೆಸರೆಂಬುದು ಕಾವ್ಯದಲ್ಲಿ ಇದ್ದಂತಿಲ್ಲ. ಜನಕನ ಮಗಳು ಜಾನಕಿ, ದ್ರುಪದನ ಮಗಳು ದ್ರೌಪದಿ ಎಂಬಂತೆ ಬ್ರಿಸೇಯಿಸ್ ಎಂದರೆ ಬ್ರಿಸ್ಯೂಸನ ಮಗಳು, ಕ್ರೈಸೇಯಿಸ್ ಎಂದರೆ ಕ್ರೈಸಿಸನ ಮಗಳು ಎಂದಷ್ಟೇ ಅರ್ಥ. ಅಗಮೆಮ್ನನನ ದೂತರೊಡನೆ ಹೊರಟಾಗ ಆಕೆ ಮನಸ್ಸಿಲ್ಲದೆ ಹೋದಳೆಂದು ಕವಿ ಒಂದೇ ಪದದಲ್ಲಿ ಹೇಳುತ್ತಾನೆ. ಆ ಒಂದು ಪದ ಮುಂದಿನ ಪ್ರಣಯಕಥೆಗಳಿಗೆಲ್ಲ ಬೀಜವಾಯಿತು. ಅಕಿಲೀಸನ ಮೇಲಿನ ಒಲವಿನಿಂದ ಮನಸ್ಸಿಲ್ಲದೆ ಹೋದಳೋ, ಒಬ್ಬ ಒಡೆಯನಿಂದ ಇನ್ನೊಬ್ಬ ಅಪರಿಚಿತ ಒಡೆಯನ ಕೈಗೆ ಬೀಳುವ ಭಯದಿಂದಲೋ ಕವಿ ತಿಳಿಸುವುದಿಲ್ಲ.

ಅಕಿಲೀಸನ ಮಾತುಗಳೂ ಏಕರೂಪವಾಗಿಲ್ಲ. ಒಂಬತ್ತನೆಯ ಸರ್ಗದಲ್ಲಿ, ಈಟಿಯಿಂದ ಗೆದ್ದು ತಂದವಳಾದರೂ ಆಕೆಯನ್ನು ತಾನು ಮನಸಾರೆ ಪ್ರೀತಿಸಿದೆನೆಂದು ಅವನು ಹೇಳುತ್ತಾನೆ. ಹತ್ತೊಂಬತ್ತನೆಯ ಸರ್ಗದಲ್ಲಿ, ಗೆಳೆಯನಾದ ಪೆಟ್ರೋಕ್ಲಸ್ ಸತ್ತ ಮೇಲೆ, ಲಿರ್ನೆಸಸನ್ನು ಗೆದ್ದ ದಿನವೇ ಆರ್ಟೆಮಿಸ್ ದೇವತೆಯ ಬಾಣ ಆಕೆಯನ್ನು ಕೊಂದಿದ್ದರೆ ಚೆನ್ನಾಗಿತ್ತೆಂದು ಹಳಹಳಿಸುತ್ತಾನೆ. ಮೊದಲನೆಯ ಮಾತನ್ನು ಮಾತ್ರ ಎತ್ತಿಕೊಂಡು ಎರಡನೆಯದನ್ನು ಬಿಟ್ಟವರೇ ಮುಂದಿನ ಕಥೆಗಾರರಲ್ಲಿ ಹೆಚ್ಚು.

ಹದಿನೈದು ಸಾವಿರ ಪಂಕ್ತಿಗಳಿಗೂ ಮಿಕ್ಕ ಆ ಕಾವ್ಯದಲ್ಲಿ ಬ್ರಿಸೇಯಿಸ್ ಮಾತನಾಡುವುದು ಒಂದೇ ಸಲ, ಹದಿನಾಲ್ಕು ಪಂಕ್ತಿ. ಪೆಟ್ರೋಕ್ಲಸನ ಶವವನ್ನು ಕಂಡು ಆಕೆ ಮಾಡುವ ವಿಲಾಪವದು. ತಂದೆತಾಯಿಗಳು ತನ್ನನ್ನು ಕೊಟ್ಟು ಮದುವೆಮಾಡಿದ ಗಂಡ ಊರ ಮುಂದೆ ಹತನಾಗಿ ಬಿದ್ದುದನ್ನೂ, ಒಡಹುಟ್ಟಿದ ಮೂವರು ಸೋದರರು ಅಂದೇ ಸತ್ತುದನ್ನೂ ಆಕೆ ನೆನೆಯುತ್ತಾಳೆ. ಅಂದು ಅಳಬೇಡವೆಂದು ಸಂತೈಸಿ, ಅಕಿಲೀಸನ ವಿಧಿಪೂರ್ವಕವಾದ ಪತ್ನಿಯನ್ನಾಗಿ ಮಾಡಿಸುವೆನೆಂದು ಮಾತುಕೊಟ್ಟವನು ಪೆಟ್ರೋಕ್ಲಸ್. ಅವನೊಡನೆ ಆ ಆಸೆಯೂ ಅಳಿಯಿತು. ಗಂಡನನ್ನು ಕೊಂದವನನ್ನೇ ಮದುವೆಯಾಗುವುದು ಆಕೆಯ ಪಾಲಿಗೆ ಉಳಿದಿದ್ದ ಅತ್ಯುತ್ತಮ ಭವಿಷ್ಯವೆಂಬುದನ್ನು ನಾವು ಗಮನಿಸಬೇಕು. ಪತ್ನಿಯಾದವಳಿಗೆ ಮನೆಯುಂಟು, ಹುಟ್ಟುವ ಮಕ್ಕಳಿಗೆ ಕುಲವುಂಟು. ದಾಸಿಗೆ ಇವೆರಡೂ ಇಲ್ಲ. ಈ ವಿಲಾಪದಲ್ಲಿ ಅಕಿಲೀಸನನ್ನು ತಾನು ಪ್ರೀತಿಸುವೆನೆಂಬ ಒಂದು ಮಾತೂ ಇಲ್ಲ. ವಿಲಾಪ ಮುಗಿದೊಡನೆ ಕವಿ ಇನ್ನೊಂದು ಸೂಕ್ಷ್ಮವನ್ನು ಸೇರಿಸುತ್ತಾನೆ: ಸುತ್ತಲಿದ್ದ ಹೆಂಗಸರೂ ಅತ್ತರು, ಪೆಟ್ರೋಕ್ಲಸನ ನೆಪದಲ್ಲಿ ಒಬ್ಬೊಬ್ಬಳೂ ತನ್ನ ತನ್ನ ದುಃಖಕ್ಕಾಗಿ ಅತ್ತಳು. ಸೆರೆಯಾಳಿಗೆ ಬಹಿರಂಗವಾಗಿ ಅಳಲು ಒಡೆಯನ ದುಃಖದ ನೆಪವೊಂದು ಬೇಕಾಗಿತ್ತು.

೩

ಇಂಥ ಹೆಂಗಸರು ಕೇವಲ ಕವಿಕಲ್ಪನೆಯವರೆ? ಈ ಪ್ರಶ್ನೆಗೆ ಕಾವ್ಯದ ಹೊರಗಿನ ಸಾಕ್ಷ್ಯವೂ ಉಂಟು. ಗ್ರೀಸಿನ ನೈಋತ್ಯ ಭಾಗದ ಪೈಲಾಸ್ ಎಂಬಲ್ಲಿ ೧೯೩೯ರಲ್ಲಿ ಕಾರ್ಲ್ ಬ್ಲೇಗನ್ ನಡೆಸಿದ ಉತ್ಖನನದಲ್ಲಿ ಪುರಾತನ ಅರಮನೆಯೊಂದರ ಲೆಕ್ಕಪತ್ರಗಳು ಮಣ್ಣಿನ ಫಲಕಗಳ ರೂಪದಲ್ಲಿ ದೊರೆತವು. ಕ್ರಿ. ಪೂ. ೧೨೦೦ರ ಸುಮಾರಿನಲ್ಲಿ ಅರಮನೆಯನ್ನು ಸುಟ್ಟ ಬೆಂಕಿಯೇ ಆ ಹಸಿ ಫಲಕಗಳನ್ನು ಬೇಯಿಸಿ ಉಳಿಸಿತು. ಲೀನಿಯರ್ ಬಿ ಎಂದು ಹೆಸರಾದ ಅವುಗಳ ಲಿಪಿಯನ್ನು ೧೯೫೨ರಲ್ಲಿ ಮೈಕೆಲ್ ವೆಂಟ್ರಿಸ್ ಬಿಡಿಸಿದಾಗ, ಆ ಭಾಷೆ ಗ್ರೀಕಿನದೇ ಒಂದು ಪ್ರಾಚೀನ ರೂಪವೆಂಬುದು ತಿಳಿದುಬಂದಿತು.

ಆ ಲೆಕ್ಕಗಳಲ್ಲಿ ಏಳುನೂರಕ್ಕೂ ಹೆಚ್ಚು ಹೆಂಗಸರೂ ಹೆಚ್ಚು ಕಡಮೆ ಅಷ್ಟೇ ಮಕ್ಕಳೂ ತಂಡತಂಡವಾಗಿ ನಮೂದಾಗಿದ್ದಾರೆ. ಹಿಟ್ಟು ಬೀಸುವವರು, ನೂಲುವವರು, ನೇಯುವವರು, ಸ್ನಾನಗೃಹದ ಊಳಿಗದವರು ಎಂದು ಕೆಲವು ತಂಡಗಳನ್ನು ಕೆಲಸದಿಂದ ಗುರುತಿಸಿದೆ. ಲೆಮ್ನಾಸಿನವರು, ನೈಡಸಿನವರು, ಮೈಲೀಟಸಿನವರು ಎಂದು ಬೇರೆ ಕೆಲವನ್ನು ಹುಟ್ಟಿದ ಊರಿನಿಂದ ಗುರುತಿಸಿದೆ. ಈ ಊರುಗಳು ಏಜಿಯನ್ ಸಮುದ್ರದ ಪೂರ್ವಭಾಗದಲ್ಲಿವೆ. ಅವರಿಗೆ ಸಲ್ಲತಕ್ಕ ಧಾನ್ಯ ಮತ್ತು ಅಂಜೂರದ ಪಡಿಯ ಲೆಕ್ಕವೂ ಇದೆ. ಒಂದೆರಡು ಕಡೆ ಬರುವ ಪದವೊಂದನ್ನು ಸೆರೆಹಿಡಿದು ತಂದವರು ಎಂದು ವಿದ್ವಾಂಸರು ಅರ್ಥೈಸಿದ್ದಾರೆ. ಇವರೆಲ್ಲ ಯುದ್ಧದಲ್ಲಿಯೇ ಸೆರೆಸಿಕ್ಕವರೆಂದು ಖಚಿತವಾಗಿ ಹೇಳಲಾಗದು. ಕೆಲವರನ್ನು ದಾಸ್ಯದ ಪೇಟೆಗಳಲ್ಲಿ ಕೊಂಡಿರಲೂಬಹುದು. ಹೋಮರನ ಕಾವ್ಯವೂ ಆ ಅರಮನೆಗಳ ಕಾಲದ ನೇರ ದಾಖಲೆಯಲ್ಲ. ನಡುವೆ ನಾಲ್ಕೈದು ಶತಮಾನಗಳ ಅಂತರವಿದೆ. ಆದರೂ ಅಕಿಲೀಸನು ಸೆರೆಹಿಡಿದ ರಾಜಪುತ್ರನೊಬ್ಬನನ್ನು ಮಾರಿದುದು ಲೆಮ್ನಾಸಿನಲ್ಲಿಯೇ ಎಂಬ ‘ಇಲಿಯಡ್’ ಕಾವ್ಯದ ಉಲ್ಲೇಖವನ್ನು ಇದರೊಡನೆ ಸೇರಿಸಿ ನೋಡಿದರೆ, ಅಗಮೆಮ್ನನ್ ಹೇಳಿದ ಮಗ್ಗದ ಮಾತು ಬರಿಯ ಅಲಂಕಾರವಲ್ಲವೆಂದು ತೋರುತ್ತದೆ. ಗ್ರೀಕ್ ಚರಿತ್ರೆಯ ಉಜ್ಜ್ವಲ ಕಾಲದಲ್ಲಿಯೂ ಈ ಪದ್ಧತಿ ನಿಂತಿರಲಿಲ್ಲ. ಕ್ರಿ. ಪೂ. ೪೧೬ರಲ್ಲಿ ಅಥೆನ್ಸಿನವರು ಮೀಲಾಸ್ ದ್ವೀಪವನ್ನು ಮುತ್ತಿದರು. ಅದು ಶರಣಾದ ಮೇಲೆ ಕೈಗೆ ಸಿಕ್ಕ ವಯಸ್ಕ ಪುರುಷರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ದಾಸ್ಯಕ್ಕೆ ಮಾರಿದರೆಂದು ಥ್ಯುಸಿಡಿಡೀಸ್ ದಾಖಲೆ ಮಾಡಿದ್ದಾನೆ.

ಸೆರೆಯಾಳಿನ ಪ್ರೀತಿಯ ಮಾತನ್ನು ಹೇಗೆ ಓದಬೇಕೆಂಬುದಕ್ಕೆ ಗ್ರೀಕ್ ನಾಟಕವೇ ಒಂದು ಸೂಚನೆ ಕೊಡುತ್ತದೆ. ಸೊಫೊಕ್ಲೀಸನ ‘ಏಜಾಕ್ಸ್’ ನಾಟಕ ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (೧೯೨೯) ಕೃತಿಯ ಮೂಲವಾಗಿ ಕನ್ನಡಿಗರಿಗೆ ಪರಿಚಿತವಾಗಿದೆ. ಆ ಗ್ರೀಕ್ ನಾಟಕದ ಟೆಕ್ಮೆಸ್ಸ ಏಜಾಕ್ಸನು ಈಟಿಯಿಂದ ಗೆದ್ದು ತಂದ ಹೆಣ್ಣು. ಸಾಯಲು ನಿಶ್ಚಯಿಸಿದ ಅವನನ್ನು ತಡೆಯುವಾಗ, ತನ್ನ ನಾಡನ್ನು ಹಾಳುಮಾಡಿದವನು ಅವನೇ ಎಂಬುದನ್ನು ಆಕೆ ಮರೆಮಾಚುವುದಿಲ್ಲ. ಈಗ ತನಗೆ ನಾಡೂ ಐಶ್ವರ್ಯವೂ ಅವನೇ. ಅವನು ಸತ್ತರೆ ಆ ದಿನವೇ ಬೇರೊಬ್ಬನ ದಾಸಿಯಾಗಬೇಕಾಗುವುದು ಎನ್ನುತ್ತಾಳೆ. ಬೇರೆ ಆಶ್ರಯವಿಲ್ಲದವಳ ಅಂಟುವಿಕೆ ಮತ್ತು ಪ್ರೀತಿ ಇವೆರಡೂ ಒಂದೇ ಮಾತಿನಲ್ಲಿ ಹೆಣೆದುಕೊಂಡಿವೆ. ಇವನ್ನು ಬೇರ್ಪಡಿಸಲು ನಮಗೂ ಸಾಧ್ಯವಿಲ್ಲ, ಪ್ರಾಯಶಃ ಆಕೆಗೂ ಸಾಧ್ಯವಿರಲಿಲ್ಲ.

೪

ರೋಮಿಗೆ ಬರುವ ವೇಳೆಗೆ ಬ್ರಿಸೇಯಿಸಳ ಕಥೆ ಪ್ರಣಯದ ನಿದರ್ಶನವಾಗಿ ಮಾರ್ಪಟ್ಟಿತ್ತು. ಕ್ರಿ. ಪೂ. ೨೩ರಲ್ಲಿ ಪ್ರಕಟವಾದ ತನ್ನ ಭಾವಗೀತೆಗಳ ಪೈಕಿ ಒಂದರಲ್ಲಿ ಹೊರೇಸ್, ದಾಸಿಯೊಬ್ಬಳಿಗೆ ಮನಸೋತ ಗೆಳೆಯನಿಗೆ ನಾಚಬೇಡವೆಂದು ಹೇಳಿ, ಅಕಿಲೀಸನಿಗೆ ಬ್ರಿಸೇಯಿಸ್, ಏಜಾಕ್ಸನಿಗೆ ಟೆಕ್ಮೆಸ್ಸ ಎಂದು ಪೂರ್ವೋದಾಹರಣೆಗಳನ್ನು ಕೊಡುತ್ತಾನೆ. ಆ ಪದ್ಯದ ಪ್ರಶ್ನೆ ಒಡೆಯನ ಮಾನದ್ದು, ದಾಸಿಯ ಮನಸ್ಸಿನದಲ್ಲ.

ಕ್ರಿ. ಪೂ. ೪೩ರಲ್ಲಿ ಜನಿಸಿದ ಓವಿಡ್ ಇದೇ ಕಥೆಯನ್ನು ಆಕೆಯ ಕಡೆಯಿಂದ ಕಂಡನು. ‘ಹೆರೋಯಿಡೀಸ್’ ಎಂಬ ಅವನ ಓಲೆಗಳ ಸಂಗ್ರಹದಲ್ಲಿ ಮೂರನೆಯದು ಬ್ರಿಸೇಯಿಸ್ ಅಕಿಲೀಸನಿಗೆ ಬರೆದದ್ದು. ಹೋಮರನ ಹದಿನಾಲ್ಕು ಪಂಕ್ತಿಗಳಿಗೆ ಬದಲಾಗಿ ಇಲ್ಲಿ ಆಕೆಗೆ ನೂರೈವತ್ತಕ್ಕೂ ಹೆಚ್ಚು ಪಂಕ್ತಿಗಳು ದೊರೆತಿವೆ. ಪರದೇಶದವಳಾದ ತನ್ನ ಗ್ರೀಕ್ ಬರವಣಿಗೆ ಚೆನ್ನಾಗಿಲ್ಲವೆಂದೂ ಅಕ್ಷರ ಕೆಟ್ಟಿರುವುದು ಕಣ್ಣೀರಿನಿಂದೆಂದೂ ಆರಂಭಿಸಿ, ದೂತರು ಬಂದಾಗ ಒಂದು ಮುತ್ತನ್ನೂ ಕೊಡದೆ ತನ್ನನ್ನು ಕಳುಹಿಸಿಕೊಟ್ಟನೆಂದೂ, ಅಗಮೆಮ್ನನ್ ಕಾಣಿಕೆಗಳೊಡನೆ ಹಿಂದಿರುಗಿಸಲು ಬಂದಾಗಲೂ ಬೇಡವೆಂದನೆಂದೂ ಆಕೆ ದೂರುತ್ತಾಳೆ. ‘ಇಲಿಯಡ್’ ಕಾವ್ಯದಲ್ಲಿ ಅಕಿಲೀಸನ ಸ್ವಾಭಿಮಾನಕ್ಕೆ ಸೇರಿದ ಘಟನೆಗಳೆಲ್ಲ ಇಲ್ಲಿ ಒಬ್ಬ ಹೆಣ್ಣಿನ ಅಳತೆಗೋಲಿನಿಂದ ಅಳೆಯಲ್ಪಡುತ್ತವೆ. ಇದು ಓವಿಡನ ದೊಡ್ಡ ಸಾಧನೆ.

ಆದರೆ ಇಲ್ಲಿ ಬಂದ ಬದಲಾವಣೆಯೂ ದೊಡ್ಡದೇ. ಗಂಡನನ್ನೂ ಸೋದರರನ್ನೂ ಕಳೆದುಕೊಂಡ ದುಃಖ ಓಲೆಯಲ್ಲಿ ಉಂಟು. ಆದರೆ ಅವರೆಲ್ಲರಿಗೂ ಬದಲಾಗಿ ನೀನೊಬ್ಬನೇ ಸಾಕಾದೆ, ನೀನೇ ಒಡೆಯ, ನೀನೇ ಗಂಡ, ನೀನೇ ಸೋದರ ಎಂಬ ಅರ್ಥದ ಮಾತಿನಲ್ಲಿ ಆ ದುಃಖ ಕರಗುತ್ತದೆ. ಟೆಕ್ಮೆಸ್ಸಳಲ್ಲಿ ನಿರಾಶ್ರಿತಳ ಹತಾಶೆಯಾಗಿದ್ದುದು ಇಲ್ಲಿ ಪ್ರಣಯದ ಪರಾಕಾಷ್ಠೆಯಾಗಿದೆ. ಆ ಕಾಲದ ರೋಮನ್ ಪ್ರೇಮಕವಿಗಳು ತಮ್ಮನ್ನು ಪ್ರಿಯೆಯ ದಾಸರೆಂದು ಕರೆದುಕೊಳ್ಳುವುದು ರೂಢಿಯಾಗಿತ್ತು. ಅಂಥ ಕವಿಗೆ ದಾಸ್ಯವೊಂದು ರೂಪಕ. ಬ್ರಿಸೇಯಿಸಳಿಗೆ ಅದು ಬಾಳು. ಓವಿಡ್ ಇದನ್ನು ಅರಿಯದವನಲ್ಲ. ಪತ್ನಿಯಾಗಿ ಬೇಡ, ಗೆದ್ದವನ ಹಿಂದೆ ಹೋಗುವ ಸೆರೆಯಾಳಾಗಿಯೇ ತನ್ನನ್ನು ಕರೆದೊಯ್ಯಲಿ. ಉಣ್ಣೆಯ ಕೆಲಸಕ್ಕೆ ತನ್ನ ಕೈ ಪಳಗಿದೆ. ಮುಂದೆ ಬರುವ ಅವನ ಪತ್ನಿ ತನ್ನ ಕೂದಲನ್ನು ಹಿಡಿದೆಳೆಯದಂತೆ ನೋಡಿಕೊಳ್ಳಲಿ ಎಂದು ಆಕೆ ಬೇಡುತ್ತಾಳೆ. ಓಲೆ ಮುಗಿಯುವುದೂ ಒಡೆಯನ ಹಕ್ಕಿನಿಂದ ತನಗೆ ಬರುವಂತೆ ಆಜ್ಞಾಪಿಸಲಿ ಎಂಬ ಪ್ರಾರ್ಥನೆಯಿಂದಲೇ. ಪ್ರೇಮದ ಓಲೆಯ ಕಟ್ಟಕಡೆಯಲ್ಲಿ ಒಡೆತನದ ಮಾತು ಹೀಗೆ ಬಯಲಾಗಿ ನಿಂತಿದೆ. ಓದುಗನು ಅದನ್ನು ಕಾಣಬಹುದು, ಕಾಣದೆಯೂ ಇರಬಹುದು.

೫

ಮಧ್ಯಯುಗದ ಯೂರೋಪಿನಲ್ಲಿ ಹೋಮರನ ಗ್ರೀಕ್ ಕಾವ್ಯವನ್ನು ಓದಬಲ್ಲವರು ಪಶ್ಚಿಮದ ದೇಶಗಳಲ್ಲಿ ಬಹು ವಿರಳರಾಗಿದ್ದರು. ಟ್ರಾಯ್ ನಗರದ ಕಥೆ ಅಲ್ಲಿಯ ಜನಕ್ಕೆ ದೊರೆತುದು ಮುಖ್ಯವಾಗಿ ಲ್ಯಾಟಿನ್ ಸಂಗ್ರಹಗಳ ಮೂಲಕ. ಅಂಥ ಆಧಾರಗಳಿಂದ ಫ್ರಾನ್ಸಿನ ಬೆನ್ವಾ ದ ಸೆಂತ್ ಮೋರ್ ಎಂಬ ಕವಿ ಕ್ರಿ. ಶ. ೧೧೬೦ರ ಸುಮಾರಿನಲ್ಲಿ ಟ್ರಾಯ್ ನಗರದ ಬೃಹತ್ಕಥೆಯನ್ನು ಪದ್ಯರೂಪದಲ್ಲಿ ರಚಿಸಿದನು. ಇದರಲ್ಲಿ ಬ್ರಿಸೇಯಿಸ್ ‘ಬ್ರಿಸೇಯಿಡ’ ಆಗಿದ್ದಾಳೆ; ಆದರೆ ಸೆರೆಯಾಳಲ್ಲ. ಗ್ರೀಕರ ಕಡೆಗೆ ಸೇರಿಕೊಂಡ ಕಾಲ್ಕಸ್ ಎಂಬ ಪುರೋಹಿತನ ಮಗಳಾಗಿ ಟ್ರಾಯ್ ನಗರದಲ್ಲಿ ಉಳಿದು, ರಾಜಪುತ್ರ ಟ್ರಾಯ್ಲಸನನ್ನು ಪ್ರೀತಿಸಿ, ಗ್ರೀಕರ ಪಾಳೆಯಕ್ಕೆ ಕಳುಹಿಸಲ್ಪಟ್ಟ ಮೇಲೆ ಡಯೋಮಿಡೀಸನಿಗೆ ಒಲಿಯುತ್ತಾಳೆ. ೧೩೩೦ರ ದಶಕದಲ್ಲಿ ಇಟಲಿಯ ಬೊಕಾಚಿಯೊ ಈ ಪ್ರಣಯವನ್ನೇ ಪ್ರತ್ಯೇಕ ಕಾವ್ಯವಾಗಿ ಬರೆದನು. ಅವನಲ್ಲಿ ಆಕೆಯ ಹೆಸರು ‘ಕ್ರಿಸೇಯಿಡ’. ‘ಇಲಿಯಡ್’ ಕಾವ್ಯದ ಇಬ್ಬರು ಸೆರೆಯಾಳುಗಳ ಹೆಸರುಗಳು ಹೀಗೆ ಒಂದರೊಳಗೊಂದು ಬೆರೆತುಹೋದವು.

೧೩೮೦ರ ದಶಕದಲ್ಲಿ ಇಂಗ್ಲೆಂಡಿನ ಚಾಸರ್ ಬರೆದ ಕಾವ್ಯದಲ್ಲಿ ಈ ಪಾತ್ರಕ್ಕೆ ಅಪೂರ್ವವಾದ ಸಹಾನುಭೂತಿ ದೊರೆತಿದೆ. ಟ್ರಾಯ್ ನಗರದ ಸಭೆ, ಶತ್ರುಗಳ ಸೆರೆಯಲ್ಲಿದ್ದ ವೀರನೊಬ್ಬನಿಗೆ ಬದಲಾಗಿ ಆಕೆಯನ್ನು ಕೊಡಲು ನಿಶ್ಚಯಿಸುತ್ತದೆ. ಆಕೆ ಸೆರೆಯಾಳಲ್ಲ, ಹೆಂಗಸರನ್ನು ಮಾರುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹೆಕ್ಟರ್ ಒಬ್ಬನೇ ವಿರೋಧಿಸುತ್ತಾನೆ. ಅವನ ಮಾತು ನಡೆಯುವುದಿಲ್ಲ. ಬೇರೊಬ್ಬರು ಮಾಡಿದ ವಿನಿಮಯದಿಂದ ಆಕೆ ಅಪರಿಚಿತರ ಪಾಳೆಯಕ್ಕೆ ಬೀಳುತ್ತಾಳೆ. ಅಲ್ಲಿ ರಕ್ಷಣೆ ಕೊಡಬಲ್ಲವನಿಗೆ ಒಲಿದಾಗ ದ್ರೋಹಿಯೆನಿಸಿಕೊಳ್ಳುತ್ತಾಳೆ. ಮುಂದೆ ತನ್ನನ್ನು ಕುರಿತು ಒಂದು ಒಳ್ಳೆಯ ಮಾತನ್ನೂ ಯಾರೂ ಹಾಡರು, ಬರೆಯರು ಎಂದು ಆಕೆಯೇ ಮರುಗುತ್ತಾಳೆ. ಹಾಗೆಯೇ ಆಯಿತು. ಹದಿನೈದನೆಯ ಶತಮಾನದ ಸ್ಕಾಟ್‌ಲೆಂಡಿನ ಕವಿ ಹೆನ್ರಿಸನ್ ಆಕೆಗೆ ಕುಷ್ಠರೋಗದ ಶಿಕ್ಷೆ ವಿಧಿಸಿದನು. ೧೬೦೨ರ ಸುಮಾರಿನ ಷೇಕ್ಸ್‌ಪಿಯರನ ನಾಟಕದ ವೇಳೆಗೆ ‘ಕ್ರೆಸಿಡ’ ಎಂಬುದು ಚಂಚಲೆಯಾದ ಹೆಣ್ಣಿಗೆ ಗಾದೆಯ ಹೆಸರಾಗಿತ್ತು.

ಈ ಪರಿವರ್ತನೆಯ ಕ್ರಮ ಗಮನಾರ್ಹವಾದುದು. ಕಥೆಗಾರರು ಸೆರೆಯನ್ನು ತೆಗೆದು ಪ್ರೇಮವನ್ನು ಇಟ್ಟರು. ಪ್ರೇಮವಿದ್ದಲ್ಲಿ ಆಯ್ಕೆಯಿದೆಯೆಂದು ಅರ್ಥವಾಯಿತು, ಆಯ್ಕೆಯಿದ್ದಲ್ಲಿ ಹೊಣೆಯಿದೆಯೆಂದಾಯಿತು, ಹೊಣೆಯಿದ್ದಲ್ಲಿ ನಿಂದೆಗೆ ಅವಕಾಶವಾಯಿತು. ಕೈಯಿಂದ ಕೈಗೆ ದಾಟಿಸಲ್ಪಟ್ಟವಳೇ ಮನಸ್ಸು ಬದಲಾಯಿಸಿದವಳೆಂದು ದೂಷಿತಳಾದಳು.

೬

ಇಪ್ಪತ್ತೊಂದನೆಯ ಶತಮಾನದಲ್ಲಿ ಎರಡು ಪ್ರವೃತ್ತಿಗಳೂ ಜೊತೆಯಲ್ಲಿಯೇ ಕಾಣುತ್ತವೆ. ೨೦೦೪ರಲ್ಲಿ ತೆರೆಕಂಡ ‘ಟ್ರಾಯ್’ ಚಲನಚಿತ್ರದಲ್ಲಿ ಬ್ರಿಸೇಯಿಸ್ ಹೆಕ್ಟರನ ಬಂಧುವಾದ ಪೂಜಾರಿಣಿ. ತನ್ನನ್ನು ಸೆರೆಹಿಡಿದವರ ನಾಯಕನಿಗೆ ಆಕೆ ಮನಸೋಲುತ್ತಾಳೆ. ಗಂಡನೂ ಸೋದರರೂ ಅಲ್ಲಿಲ್ಲ. ಮಿಲ್ಲರರ ೨೦೧೧ರ ಕಾದಂಬರಿಯಲ್ಲಿ, ಹೆಂಗಸರನ್ನು ಅಗಮೆಮ್ನನನ ಕೈಗೆ ಬೀಳದಂತೆ ಉಳಿಸುವುದಕ್ಕಾಗಿಯೇ ಪೆಟ್ರೋಕ್ಲಸನ ಪ್ರೇರಣೆಯಿಂದ ಅಕಿಲೀಸ್ ಅವರನ್ನು ತನ್ನ ಪಾಲಿಗೆ ಕೇಳಿ ಪಡೆಯುತ್ತಾನೆ. ಕಥನ ಮನೋಜ್ಞವಾಗಿದೆ, ಆದರೆ ಸೆರೆಯೇ ಇಲ್ಲಿ ಆಶ್ರಯವಾಗಿ ಮಾರ್ಪಟ್ಟಿದೆ.

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ಪ್ಯಾಟ್ ಬಾರ್ಕರ್ ೨೦೧೮ರಲ್ಲಿ ಪ್ರಕಟಿಸಿದ ‘ದಿ ಸೈಲೆನ್ಸ್ ಆಫ್ ದಿ ಗರ್ಲ್ಸ್’ ಕಾದಂಬರಿಯ ಬಹುಭಾಗವನ್ನು ಬ್ರಿಸೇಯಿಸಳೇ ಹೇಳುತ್ತಾಳೆ. ಇಲ್ಲಿ ಮಗ್ಗ, ರೋಗಿಗಳ ಶುಶ್ರೂಷೆ, ರಾತ್ರಿಯ ಭಯ, ಇತರ ಹೆಂಗಸರ ಸಹವಾಸ ಇವೆಲ್ಲ ಉಂಟು, ಪ್ರಣಯವಿಲ್ಲ. ಕಡೆಯಲ್ಲಿ ಆಕೆ, ಮುಂದಿನ ಕಾಲದ ಜನ ತಮ್ಮ ಸೆರೆಯ ಕಥೆಯನ್ನು ಕೇಳಲು ಇಷ್ಟಪಡಲಾರರು, ಮೃದುವಾದ ಪ್ರೇಮಕಥೆಯೊಂದನ್ನು ಬಯಸಬಹುದು ಎಂದು ಶಂಕಿಸುತ್ತಾಳೆ. ಮೇಲೆ ವಿವರಿಸಿದ ಚರಿತ್ರೆಯನ್ನು ಬಲ್ಲವರಿಗೆ ಆ ಶಂಕೆ ಎಷ್ಟು ಯುಕ್ತವೆಂಬುದು ವಿದಿತವಾಗುತ್ತದೆ. ಆದರೆ ಈ ಕೃತಿಯೂ ನಡುನಡುವೆ ಆಕೆಯನ್ನು ಬಿಟ್ಟು ಅಕಿಲೀಸನ ಮನಸ್ಸಿನೊಳಕ್ಕೆ ಹೋಗುತ್ತದೆ. ಅವನ ಕೋಪದ ಕಥೆಯಿಂದ ಪೂರ್ಣವಾಗಿ ಬಿಡುಗಡೆ ಹೊಂದುವುದು ಈ ಲೇಖಕಿಗೂ ಸುಲಭವಾಗಲಿಲ್ಲವೆಂದು ಇದರಿಂದ ಊಹಿಸಬಹುದು.

೭

ಈ ಪರಿಶೀಲನೆಯಿಂದ ಹೊರಡುವ ಮುಖ್ಯವಾದ ಅಂಶವಿಷ್ಟು. ದನಿ ಕೊಡುವುದು ಒಂದು, ಸ್ಥಿತಿಯನ್ನು ತೋರಿಸುವುದು ಮತ್ತೊಂದು. ಇವು ಯಾವಾಗಲೂ ಒಟ್ಟಿಗೆ ಬರುವುದಿಲ್ಲ. ಹದಿನಾಲ್ಕೇ ಪಂಕ್ತಿ ಕೊಟ್ಟ ಹೋಮರ್ ಸೆರೆಯನ್ನು ಮರೆಮಾಡಲಿಲ್ಲ. ನೂರೈವತ್ತು ಪಂಕ್ತಿ ಕೊಟ್ಟ ಓವಿಡ್ ಅದಕ್ಕೆ ಪ್ರೇಮದ ತೆರೆಯನ್ನು ಹೊದಿಸಿದನಾದರೂ ಅಲ್ಲಲ್ಲಿ ಅದನ್ನು ಸರಿಸಿದನು. ಸಾವಿರಾರು ಪಂಕ್ತಿಗಳನ್ನು ಕೊಟ್ಟ ಮಧ್ಯಯುಗದ ಕವಿಗಳಲ್ಲಿ ಸೆರೆಯೇ ಅಳಿಸಿಹೋಯಿತು.

ಹಾಗೆಂದು ಪ್ರಣಯಕಥನವನ್ನು ಅಸತ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಪೈಲಾಸಿನ ಫಲಕಗಳಲ್ಲಿ ಹೆಂಗಸರ ಸಂಖ್ಯೆಯುಂಟು, ಕೆಲಸವುಂಟು, ಪಡಿಯ ಅಳತೆಯುಂಟು. ಆ ತಂಡಗಳ ಪಟ್ಟಿಗಳಲ್ಲಿ ಒಬ್ಬಳ ಹೆಸರೂ ಇಲ್ಲ, ಒಂದು ಮಾತೂ ಇಲ್ಲ. ಅವರಲ್ಲಿ ಯಾವಳೊಬ್ಬಳೂ ತನ್ನ ಒಡೆಯನಲ್ಲಿ ಪ್ರೀತಿಯನ್ನಿಡಲಿಲ್ಲವೆಂದು ಹೇಳಲು ನಮಗೆ ಅಧಿಕಾರವಿಲ್ಲ. ಲೆಕ್ಕದಲ್ಲಿ ದನಿಯಿಲ್ಲ, ಕಾವ್ಯದಲ್ಲಿ ಲೆಕ್ಕವಿಲ್ಲ. ಎರಡನ್ನೂ ಎದುರುಬದುರಾಗಿಟ್ಟು ಓದುವುದು ಚರಿತ್ರಕಾರನ ಕೆಲಸ. ಪುರಾಣದ ಸ್ತ್ರೀಯೊಬ್ಬಳು ತನ್ನ ಪ್ರೇಮವನ್ನು ತಾನೇ ಹೇಳಿಕೊಳ್ಳುವ ಕೃತಿಯನ್ನು ಕೈಗೆತ್ತಿಕೊಂಡಾಗ ವಿದ್ಯಾರ್ಥಿ ಕೇಳಬೇಕಾದುದು, ಆಕೆ ಪ್ರೀತಿಸಿದಳೆ ಇಲ್ಲವೆ ಎಂಬುದನ್ನಲ್ಲ. ಬೇಡವೆನ್ನಲು ಆಕೆಗೆ ಸಾಧ್ಯವಿತ್ತೆ, ಬೇಡವೆಂದಿದ್ದರೆ ಆ ರಾತ್ರಿ ಆಕೆ ಎಲ್ಲಿ ಮಲಗಬೇಕಾಗಿತ್ತು ಎಂಬುದನ್ನು. ‘ಇಲಿಯಡ್’ ಕಾವ್ಯದಲ್ಲಿ ಬ್ರಿಸೇಯಿಸ್ ಕಡೆಯ ಬಾರಿ ಕಾಣಿಸಿಕೊಳ್ಳುವುದು ಇಪ್ಪತ್ತನಾಲ್ಕನೆಯ ಸರ್ಗದಲ್ಲಿ, ಗುಡಾರದ ಒಳಮೂಲೆಯಲ್ಲಿ ಅಕಿಲೀಸನ ಪಕ್ಕದಲ್ಲಿ ಮಲಗಿರುವವಳಾಗಿ. ಆಗ ಆಕೆಯ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಹೋಮರ್ ಹೇಳಲಿಲ್ಲ. ಎರಡು ಸಾವಿರ ವರ್ಷಗಳ ಪ್ರಣಯಕಥೆಗಳು ಆ ಮೌನಕ್ಕೆ ಕೊಟ್ಟ ಉತ್ತರಗಳು. ಮೌನವು ಮಾತ್ರ ಇನ್ನೂ ಹಾಗೆಯೇ ಇದೆ.